ಒಂಬತ್ತು ಹಾಳೆಯ ಶಿಫಾರಸು

ಜನವರಿ ೯

ನನ್ನ ಗುಂಡುಪಿನ್ನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ಫೋನು ಮಾಡಬಾರದಿತ್ತೇ ಎಂದು ನಿನ್ನ ಚಿಕ್ಕಮ್ಮ ಗೊಣಗಿದಳು. ಫೋನಿನಲ್ಲಿ ನನಗೇನು ಕೇಳಿಸುತ್ತದೆ? ನಲವತ್ತು ವರ್ಷ ಸುಟ್ಟ ಮೋಟಾರು ಬಿಚ್ಚಿ, ತಾಮ್ರದ ತಂತಿ ಸುತ್ತಿ, ಓಡಿಸಿ ನೋಡಿ, ಕಿವಿ ಎರಡೂ ಬೀದಿ ನಲ್ಲಿಯ ಹಾಗಾಗಿವೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾಗದವೇ ವಾಸಿ. ಹಾಳೆಗೆ ವಾರ್ನಿಷ್ ವಾಸನೆ ಹತ್ತಿದ್ದರೆ ಮೂಗು ಮುಚ್ಚಿಕೊಂಡು ಓದು.

ನೀನೂ ಅಳಿಯಂದಿರೂ ಮಗುವನ್ನು ದತ್ತು ತೆಗೆದುಕೊಳ್ಳುತ್ತೀರಿ ಎಂದು ಓದಿದವನು ಅಂಗಡಿಯಲ್ಲಿ ಎದ್ದೇ ನಿಂತೆ. ಎದುರಿಗಿದ್ದ ಗಿರಾಕಿ, "ಏನಣ್ಣಾ, ಶಾಕ್ ಹೊಡೀತಾ?" ಎಂದ. "ಹೊಡೀತು ಕಣಯ್ಯ, ಒಳ್ಳೇ ಶಾಕು. ನಿನ್ನ ಪಂಪು ನಾಳೆ ಬಾ" ಎಂದು ಕಳಿಸಿದೆ.

ಆದರೆ ಇದೇನಿದು ಅರ್ಜಿ, ತರಬೇತಿ, ಮನೆಗೆ ಬಂದು ನೋಡುವುದು, ಇಬ್ಬರು ಸಾಕ್ಷಿ? ಅಣ್ಣ ಅತ್ತಿಗೆ ಒಂದೇ ವರ್ಷದಲ್ಲಿ ಹೋದಾಗ, ಒಂಬತ್ತು ವರ್ಷದ ನಿನ್ನನ್ನು ನಾನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರಲಿಲ್ಲವೇ? ಯಾವ ಅರ್ಜಿ ಹಾಕಿದ್ದೆ? ಯಾವ ಮಹಾರಾಯ ಬಂದು ನನ್ನ ಮನೆಯ ಕಿಟಕಿ ಎಣಿಸಿದ್ದ? ನಮ್ಮ ಆಸ್ಪತ್ರೆಯ ನರ್ಸಮ್ಮನ ಮನೆ ಪಂಪು ಸುತ್ತಿಕೊಟ್ಟವನು ನಾನು. ಒಂದು ಮಾತು ಹಾಕಿದರೆ ಸಾಕು, ಕೈಯಿಂದ ಕೈಗೆ ಕೆಲಸ ಮುಗಿಯುತ್ತದೆ. ಹೂಂ ಅನ್ನು.

ಸಾಕ್ಷಿ ಹೇಳುವುದಕ್ಕೆ ನನ್ನನ್ನೇ ಆರಿಸಿದ್ದು ಮಾತ್ರ ನಿನ್ನ ಬುದ್ಧಿವಂತಿಕೆ. ಏಳನೇ ಕ್ಲಾಸಿನಲ್ಲಿ ಪ್ರಬಂಧಕ್ಕೆ ಇಡೀ ಶಾಲೆಗೇ ಮೊದಲು ಬಂದವನು ನಾನು. ಆ ವರ್ಷ ಏಳನೇ ಕ್ಲಾಸಿನಲ್ಲಿ ನಾಲ್ಕೇ ಜನ ಇದ್ದೆವು ಎಂದು ನಿನ್ನ ಚಿಕ್ಕಮ್ಮ ಪಕ್ಕದಿಂದ ಹೇಳುತ್ತಿದ್ದಾಳೆ. ನಂಬಬೇಡ. ಐದು ಜನ ಇದ್ದೆವು.

ನಿನ್ನ ಚಿಕ್ಕಪ್ಪ


ಜನವರಿ ೨೩

ಪ್ರೀತಿಯ ಚಿಕ್ಕಪ್ಪ,

ದಯವಿಟ್ಟು ನರ್ಸಮ್ಮನ ಹತ್ತಿರ ಹೋಗಬೇಡ. ಕೈಯಿಂದ ಕೈಗೆ ಮಗು ಕೊಡುವುದು ಅಪರಾಧ. ಕೊಟ್ಟವರೂ ಒಳಗೆ, ತೆಗೆದುಕೊಂಡವರೂ ಒಳಗೆ, ಮಧ್ಯೆ ನಿಂತು ಮೀಸೆ ತಿರುವಿದವರೂ ಒಳಗೆ.

ದಾರಿಗಳು ಬೇರೆ ಇವೆ. ನಾವು ಎರಡು ದಿನದ ತರಬೇತಿಯಲ್ಲಿ ಕೂತು ಕೇಳಿಸಿಕೊಂಡು ಬಂದೆವು. ಹಸುಗೂಸು ಬೇಕೆಂದರೆ ಸಾಲು ಬಹಳ ಉದ್ದ, ನಾಲ್ಕು ವರ್ಷವೂ ಆಗಬಹುದು. ಐದಾರು ವರ್ಷ ದಾಟಿದ ಮಕ್ಕಳಿಗೆ ಕೇಳುವವರು ಕಡಿಮೆ. ಅಣ್ಣ-ತಂಗಿಯರನ್ನು ಅಗಲಿಸದೆ ಒಟ್ಟಿಗೆ ತೆಗೆದುಕೊಳ್ಳಬಹುದು. ಆರೈಕೆ ಹೆಚ್ಚು ಬೇಕಾದ ಮಕ್ಕಳಿದ್ದಾರೆ. ಸಂಬಂಧಿಕರ ಮಗುವನ್ನೂ ತೆಗೆದುಕೊಳ್ಳಬಹುದು, ಆದರೆ ಅದಕ್ಕೂ ಕೋರ್ಟಿನ ಆದೇಶ ಬೇಕು. ನೀನು ನನ್ನನ್ನು ಸೈಕಲ್ಲಿನಲ್ಲಿ ತಂದದ್ದು ಸಾಕಣೆ, ಅವರ ಲೆಕ್ಕದಲ್ಲಿ ದತ್ತು ಅಲ್ಲವಂತೆ. ಇನ್ನೊಂದಿದೆ: ಮಗುವಿನ ಹೆತ್ತವರ ವಿಷಯ ಇನ್ನೂ ತೀರ್ಮಾನವಾಗದೆ ಇದ್ದಾಗ, ಅಲ್ಲಿಯವರೆಗೆ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು. ಆಮೇಲೆ ಮಗು ನಮ್ಮದಾದರೂ ಆದೀತು, ವಾಪಸು ಹೋದರೂ ಹೋದೀತು. ಅದನ್ನು ಕೇಳಿದಾಗ ನಿನ್ನ ಅಳಿಯ ತರಗತಿಯಿಂದ ಎದ್ದು ನೀರು ಕುಡಿಯಲು ಹೋದರು.

ನಾವು ಯಾವುದಕ್ಕೆ ಬರೆದುಕೊಟ್ಟೆವು ಎಂಬುದನ್ನು ಆಮೇಲೆ ಹೇಳುತ್ತೇನೆ. ಈಗ ನೀನು ಮಾಡಬೇಕಾದದ್ದು ಒಂದೇ. ಒಂದು ಹಾಳೆ ಬರೆ. ನಾನು ನಿನಗೆ ಹೇಗೆ ಗೊತ್ತು, ನನ್ನ ಸ್ವಭಾವ, ಆರೋಗ್ಯ, ಕಷ್ಟ ಬಂದಾಗ ಹೇಗಿರುತ್ತೇನೆ, ಮಕ್ಕಳ ಜೊತೆ ಹೇಗೆ. ಇದ್ದದ್ದು ಇದ್ದ ಹಾಗೆ. ಲಕೋಟೆ ಅಂಟಿಸಿ ನೇರ ದತ್ತು ಕಚೇರಿಗೇ ಕಳಿಸಬೇಕು, ನಾವು ನೋಡುವಂತಿಲ್ಲ.

ನಿನ್ನ ಗುಂಡುಪಿನ್ನು


ಫೆಬ್ರವರಿ ೨

ಗುಂಡುಪಿನ್ನೇ,

ಒಂದು ಹಾಳೆಯಂತೆ! ಒಂದು ಹಾಳೆಯಲ್ಲಿ ಬರೆಯುವುದಕ್ಕೆ ನೀನೇನು ಕಳೆದುಹೋದ ಕೊಡೆಯೇ? ಒಂಬತ್ತು ಹಾಳೆ ಬರೆದೆ, ಎರಡೂ ಮಗ್ಗುಲು. ನಿನ್ನೆ ಅಂಚೆಗೆ ಹಾಕಿದೆ.

ಏನು ಬರೆದೆ ಎಂದು ಕೇಳಬೇಡ. ನಾನು ಇಲ್ಲಿಯವರೆಗೆ ಇಪ್ಪತ್ತೆರಡು ಮದುವೆ ಕೂಡಿಸಿದವನು. ಮೆಳ್ಳೆಗಣ್ಣಿನ ಹುಡುಗನನ್ನು "ದೂರದೃಷ್ಟಿ ಇದೆ" ಎಂದು ದಾಟಿಸಿದ್ದೇನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿದರೇ? ನಿನ್ನ ಮಗುವಿಗೆ ಸಾವಿರವೇನೂ ಬೇಕಾಗಲಿಲ್ಲ ಬಿಡು. ಚಿನ್ನಕ್ಕೆ ಒಂಚೂರು ಪಾಲಿಶು, ಅಷ್ಟೆ.

ನಿನ್ನ ಚಿಕ್ಕಮ್ಮ ಓದಿ ನೋಡುತ್ತೇನೆ ಎಂದಳು. ಕೊಡಲಿಲ್ಲ. ಕೊಟ್ಟಿದ್ದರೆ ಒಂಬತ್ತು ಹಾಳೆಯನ್ನು ಅರ್ಧ ಹಾಳೆ ಮಾಡುತ್ತಿದ್ದಳು.

ತೊಟ್ಟಿಲಿಗೆ ಹೇಳಿಬಿಡು.

ಚಿಕ್ಕಪ್ಪ


ಏಪ್ರಿಲ್ ೧೮

ಚಿಕ್ಕಪ್ಪ,

ಎರಡು ತಿಂಗಳು ಬರೆಯಲಿಲ್ಲ, ಕ್ಷಮಿಸು. ತೊಟ್ಟಿಲು ಬೇಡ. ನಾವು ಹಸುಗೂಸಿನ ಸಾಲಿನಲ್ಲಿ ನಿಲ್ಲಲಿಲ್ಲ. ನೀನು "ಗಿಡವಾಗಿ ಬಗ್ಗದ್ದು" ಎಂದು ಶುರು ಮಾಡುತ್ತೀಯೆಂದು ಇಷ್ಟು ದಿನ ಹೇಳಿರಲಿಲ್ಲ.

ಅವಳಿಗೆ ಆರು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿವೆ, ಮನೆಯಲ್ಲಿ ನಾವಿಬ್ಬರೂ ಬೊಚ್ಚುಬಾಯಿ ಎನ್ನುತ್ತೇವೆ. ಮಕ್ಕಳ ಆಶ್ರಮಕ್ಕೆ ಹೋಗಿ ಎರಡು ಸಲ ನೋಡಿ ಬಂದೆವು. ಮೊದಲ ಸಲ ಅವಳು, ನಿನ್ನ ಅಳಿಯ ತಾವು ಕೆಲಸ ಮಾಡುವ ಪ್ರೆಸ್ಸಿನಿಂದ ಹೊಲಿದು ತಂದಿದ್ದ ಪುಟ್ಟ ನೋಟ್‌ಬುಕ್ಕಿನ ದಾರವನ್ನೇ ಎಳೆಯುತ್ತ ಕೂತಿದ್ದಳು. ಎರಡನೇ ಸಲ, "ನೀನೇನು ಕೆಲಸ ಮಾಡ್ತೀಯ?" ಎಂದಳು. ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುತ್ತೇನೆ ಎಂದೆ. ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಒತ್ತಿ, "ಎರಡೇ ಎರಡು ಮಾಡ್ಕೊಡ್ತೀಯಾ? ಯಾರಿಗೂ ಹೇಳಲ್ಲ" ಎಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಅವಳನ್ನು ನಮ್ಮ ಹೆಸರಿಗೆ ಕಾದಿರಿಸಿರುವುದು ಮೇ ೧೨ರವರೆಗೆ ಮಾತ್ರ. ಅಷ್ಟರಲ್ಲಿ ಫೈಲು ಪೂರ್ತಿಯಾಗದಿದ್ದರೆ ಮುಂದಿನ ಕುಟುಂಬಕ್ಕೆ ತೋರಿಸುತ್ತಾರೆ. ಫೈಲು ನಿಂತುಹೋಗಿದೆ, ಚಿಕ್ಕಪ್ಪ. ಕೇಳಿದರೆ "ಒಂದು ವಿಷಯ ತಾಳೆ ಆಗ್ತಿಲ್ಲ" ಎನ್ನುತ್ತಾರೆ. ಯಾವ ವಿಷಯ ಎಂದರೆ "ಮೇಡಮ್ಮೇ ಹೇಳಬೇಕು." ಮೇಡಮ್ ಎಲ್ಲಿ ಎಂದರೆ "ತಪಾಸಣೆಗೆ ಹೋಗಿದ್ದಾರೆ." ನಾಲ್ಕು ಸಲ ಅರ್ಧ ದಿನ ರಜೆ ಹಾಕಿದೆ. ಬಾಡಿಗೆ ಮನೆ ಎಂದೇ? ನನ್ನ ವಯಸ್ಸೇ? ನಿನ್ನ ಅಳಿಯಂದಿರ ಪ್ರೆಸ್ಸಿನ ಪಾಳಿಯೇ? ಅಡುಗೆಮನೆಯ ಕಿಟಕಿಗೆ ಸರಳಿಲ್ಲ ಎಂದಿದ್ದರು, ಹಾಕಿಸಿದೆವು. ಸರಳಿನ ಫೋಟೋ ಕೊಟ್ಟರೆ "ಫೋಟೋದಲ್ಲಿ ತಾರೀಖಿಲ್ಲ" ಎಂದರು.

ಲ್ಯಾಬಿನಲ್ಲಿ ಮೇಣಕ್ಕೆ ಹಲ್ಲು ಕೂರಿಸುವಾಗಲೂ ಮನಸ್ಸು ಆ ಕಚೇರಿಯಲ್ಲೇ ಇರುತ್ತದೆ. ನಿನ್ನೆ ಒಬ್ಬ ಮೇಷ್ಟ್ರ ಕೆಳದವಡೆಯ ಸೆಟ್ಟಿಗೆ ಮೇಲಿನ ಹಲ್ಲು ಕೂರಿಸಿಬಿಟ್ಟಿದ್ದೆ.

ಗುಂಡುಪಿನ್ನು


ಏಪ್ರಿಲ್ ೨೬

ಗುಂಡುಪಿನ್ನೇ,

ಆರು ವರ್ಷದ್ದೇ! ಮಾತು ಕಲಿತು, ಜಗಳ ಕಲಿತು, ಹಲ್ಲು ಕೂಡ ಒಂದು ಸುತ್ತು ಮುಗಿಸಿದೆ! ನಾನು ಬೈಯಬೇಕೆಂದೇ ಕೂತಿದ್ದೆ. ನಿನ್ನ ಚಿಕ್ಕಮ್ಮ, "ನೀವು ತಂದ ಹುಡುಗಿಗೆ ಒಂಬತ್ತಾಗಿತ್ತು, ನೆನಪಿದೆಯಾ?" ಎಂದಳು. ಅವಳಿಗೆ ಇಂಥ ಲೆಕ್ಕವೆಲ್ಲ ನೆನಪಿರುತ್ತದೆ. ಸರಿ, ಬರಲಿ ಬೊಚ್ಚುಬಾಯಿ.

ಆದರೆ ಆ ಕಚೇರಿಯವರನ್ನು ನೆನೆದು ನನ್ನ ಮೈ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಹಾಗಾಯಿತಲ್ಲ! ಏನು ತಾಳೆ ಆಗುತ್ತಿಲ್ಲವಂತೆ ಆ ಕನ್ನಡಕದಮ್ಮನಿಗೆ? ಅವಳು ಕನ್ನಡಕ ಹಾಕುತ್ತಾಳೋ ಇಲ್ಲವೋ ಗೊತ್ತಿಲ್ಲ, ಹಾಕಿಯೇ ಹಾಕುತ್ತಾಳೆ. ನೀನು ಬಾಯಿಲ್ಲದವಳು ಎಂದು ಆಡಿಸುತ್ತಿದ್ದಾರೆ. ನಾನು ಬಿಡುವವನಲ್ಲ. ನಿನ್ನೆಯೇ ಇನ್ನೊಂದು ಪತ್ರ ಜಡಿದೆ, ಅವಳ ಹೆಸರಿಗೇ. ಮೊದಲನೆಯದರಲ್ಲಿ ಹೇಳಿದ್ದನ್ನೆಲ್ಲ ಇನ್ನೂ ಒತ್ತಿ ಬರೆದೆ. ಕೆಳಗೆ ಗೆರೆ ಕೂಡ ಎಳೆದೆ, ಕೆಂಪು ಶಾಯಿಯಲ್ಲಿ.

ಇನ್ನು ಹೇಗೆ ಫೈಲು ಓಡುವುದಿಲ್ಲವೋ ನೋಡುತ್ತೇನೆ.

ಚಿಕ್ಕಪ್ಪ


ಮೇ ೫

ಇವತ್ತು ಮೇಡಮ್ ಸಿಕ್ಕಿದರು. ನಿಮ್ಮ ಎರಡು ಪತ್ರಗಳನ್ನೂ ಮೇಜಿನ ಮೇಲೆ ಹರಡಿದರು.

"ನಿಮ್ಮ ಆರೋಗ್ಯದ ಹಾಳೆಯಲ್ಲಿ, ಹನ್ನೊಂದನೇ ವಯಸ್ಸಲ್ಲಿ ಕ್ಷಯ ಬಂದಿತ್ತು, ಪೂರ್ತಿ ವಾಸಿಯಾಗಿದೆ ಅಂತ ನೀವೇ ಬರೆದಿದ್ದೀರಿ. ಸಾಕಿದ ಚಿಕ್ಕಪ್ಪ, ಈ ಹುಡುಗಿಗೆ ಜನ್ಮದಲ್ಲಿ ಒಂದು ನೆಗಡಿ ಕೂಡ ಬಂದಿಲ್ಲ ಅಂತಾರೆ. ಎರಡನೇ ಸಲ ಕೆಂಪು ಗೆರೆ ಬೇರೆ. ನಾನು ಯಾರನ್ನ ನಂಬಲಿ?"

"ಕಾಯಿಲೆ ಇದ್ದದ್ದು ತೊಂದರೆನಾ ಮೇಡಮ್?" ಎಂದೆ.

"ಕಾಯಿಲೆ ತೊಂದರೆನೇ ಅಲ್ಲಮ್ಮ. ಮಗುವಿನ ಕಾಯಿಲೆ ಮುಚ್ಚಿಡೋ ಮನೆತನಕ್ಕೆ ಇನ್ನೊಂದು ಮಗು ಕೊಡೋದು ಹೇಗೆ?"

ಮೂರು ತಿಂಗಳು ನಾನು ನನ್ನ ಮನೆಯನ್ನು ಬೈದುಕೊಂಡೆ, ನನ್ನ ವಯಸ್ಸನ್ನು ಬೈದುಕೊಂಡೆ, ಗಂಡನನ್ನು ಬೈದೆ. ಫೈಲು ನಿಲ್ಲಿಸಿದ್ದು ನೀವು. ನಾನೇನು ಹರಾಜಿಗಿಟ್ಟ ಹೆಣ್ಣೇ, ಪಾಲಿಶು ಹಾಕಿ ದಾಟಿಸುವುದಕ್ಕೆ? ಇದ್ದದ್ದು ಇದ್ದ ಹಾಗೆ ಎಂದು ಬರೆದಿದ್ದೆನಲ್ಲ, ಆ ಸಾಲು ನಿಮಗೆ ಕಾಣಿಸಲಿಲ್ಲವೇ?

ಅವರು ಒಂದು ಅವಕಾಶ ಕೊಟ್ಟಿದ್ದಾರೆ. ನನ್ನ ಕಾಯಿಲೆಯ ಕಾಲದಲ್ಲಿ ಮನೆಯಲ್ಲಿ ಏನೇನು ನಡೆಯಿತೋ ಅದನ್ನು ನೀವು ನಿಮ್ಮ ಕೈಯಾರೆ ಬರೆದು, ಮೇ ೧೨ರ ಒಳಗೆ ಆ ಕಚೇರಿಗೆ ಮುಟ್ಟಿಸಬೇಕು. ರಿಜಿಸ್ಟರ್ಡ್ ಅಂಚೆ. ಒಂದು ಹಾಳೆ.


ಮೇ ೧೦

ಮಗಳೇ,

ನೀವು ಎಂದು ಬರೆದಿದ್ದೀಯ. ಬಾಯಿಗೆ ಬಂದ ಹಾಗೆ ಬೈದಿದ್ದರೆ ಹೀಗೆ ಚುಚ್ಚುತ್ತಿರಲಿಲ್ಲ.

ನಿನ್ನ ಕಾಗದ ಆರನೇ ತಾರೀಖೇ ಬಂತು. ಆವತ್ತೇ ಕೂತೆ. ನಾಲ್ಕು ದಿನದಲ್ಲಿ ಹನ್ನೊಂದು ಸಲ ಬರೆದು ಹರಿದೆ. ಪ್ರತಿ ಸಲವೂ ಎರಡನೇ ಸಾಲಿನಲ್ಲಿ ನನ್ನ ಹೊಗಳಿಕೆ ತಾನೇ ಬಂದು ಕೂರುತ್ತಿತ್ತು. ಕೊನೆಗೆ ನಿನ್ನ ಚಿಕ್ಕಮ್ಮ ಎದುರಿಗೆ ಕೂತು, "ಹೇಳಿ, ನಾನು ಬರ್ಕೋತೀನಿ. ಸುಳ್ಳು ಬಂದ್ರೆ ಪೆನ್ನು ಕೆಳಗಿಡ್ತೀನಿ" ಎಂದಳು. ಮೂರು ಸಲ ಇಟ್ಟಳು. ಆಮೇಲೆ ನಾನೇ ನನ್ನ ಕೈಯಲ್ಲಿ ನಕಲು ಮಾಡಿದೆ. ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದೆ. ಕಚೇರಿಗೆ ಹೋದದ್ದು ಇದು, ನೀನೂ ಓದು:

"ಹುಡುಗಿಗೆ ಹನ್ನೊಂದು ವರ್ಷವಾದಾಗ ಕ್ಷಯ ಬಂದದ್ದು ನಿಜ. ಮೂರು ವಾರ ಔಷಧಿ ಆದ ಮೇಲೆ ಇವಳಿಂದ ಬೇರೆಯವರಿಗೆ ಹರಡುವುದಿಲ್ಲ, ಮಕ್ಕಳ ಜೊತೆ ಬಿಡಿ, ಶಾಲೆಗೆ ಕಳಿಸಿ ಎಂದು ಡಾಕ್ಟರು ಹೇಳಿದರು. ನಾನು ಬಿಡಲಿಲ್ಲ. ನನ್ನ ಅವಳಿ ಮಕ್ಕಳಿಗೆ ಆಗ ಎರಡು ವರ್ಷ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಳೆ ಮೋಟಾರುಗಳ ನಡುವೆ ಒಂದು ಮಂಚ ಹಾಕಿ, ಎಂಟು ತಿಂಗಳು ಅವಳನ್ನು ಒಬ್ಬಳನ್ನೇ ಇಟ್ಟೆ. ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಹಾಸ್ಟೆಲಿಗೆ ಸೇರಿಸಿದ್ದೇನೆ ಎಂದು ಊರಿಗೆ ಹೇಳಿದೆ. ನನ್ನ ಹೆಂಡತಿ ಬೇಡವೆಂದಳು, ಅವಳ ಮಾತು ಕೇಳಲಿಲ್ಲ. ಗಿರಾಕಿ ಬರುವುದಿಲ್ಲ, ಮುಂದೆ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಹೆದರಿದೆ. ನಾನು ಮೊದಲು ಬರೆದ ಎರಡೂ ಪತ್ರ ಸುಳ್ಳು. ಅವಳ ಹಾಳೆಯಲ್ಲಿರುವುದು ನಿಜ."

ಇದನ್ನು ಬರೆದ ಮೇಲೆ ಅಂಗಡಿಗೆ ಹೋದೆ. ತಂತಿಯ ಒಂದು ಸುತ್ತೂ ಸರಿಯಾಗಿ ಕೂರಲಿಲ್ಲ. ಬಿಚ್ಚಿಟ್ಟು ಬಂದೆ.

ಚಿಕ್ಕಪ್ಪ


ಮೇ ೧೭

ನಿಮ್ಮ ಪತ್ರ ಕಚೇರಿಗೆ ತಲುಪಿದ್ದು ಹದಿಮೂರಕ್ಕೆ.

ಹನ್ನೆರಡರಂದು ನಾನು ಬೆಳಿಗ್ಗೆಯಿಂದ ಅಲ್ಲಿಯ ಬೆಂಚಿನ ಮೇಲೆ ಕೂತಿದ್ದೆ. ಅಂಚೆಯವನು ಎರಡು ಸಲ ಬಂದು ಹೋದ. ಐದು ಗಂಟೆಗೆ ಗುಮಾಸ್ತ ಬೀಗ ಹುಡುಕುತ್ತ, "ನಾಳೆ ಬನ್ನಿ ಅನ್ನೋಣ ಅಂದ್ರೆ, ನಾಳೆ ಬಂದು ಪ್ರಯೋಜನ ಇಲ್ಲ" ಎಂದ. ಅವನು ಕೆಟ್ಟವನಲ್ಲ. ಅವಳನ್ನು ಮುಂದಿನ ಕುಟುಂಬಕ್ಕೆ ತೋರಿಸಿದ್ದಾರೆ.

ಹದಿನಾಲ್ಕಕ್ಕೆ ಮೇಡಮ್ ನನ್ನನ್ನು ಮತ್ತೆ ಕರೆಸಿದರು. ನಿಮ್ಮ ಹೊಸ ಪತ್ರದ ಪಕ್ಕದಲ್ಲಿ, ಅರ್ಜಿಯ ಜೊತೆ ನಾನು ಕೊಟ್ಟಿದ್ದ ಹೇಳಿಕೆಯನ್ನು ಇಟ್ಟರು. ಅದರಲ್ಲಿ ನಾನು ಬರೆದದ್ದು: "ಕಾಯಿಲೆಯ ದಿನಗಳಲ್ಲಿ ಚಿಕ್ಕಪ್ಪನ ಮನೆಯವರು ನನ್ನನ್ನು ತಮ್ಮ ಮಕ್ಕಳ ಜೊತೆಯಲ್ಲೇ ಇಟ್ಟುಕೊಂಡು ಆರೈಕೆ ಮಾಡಿದರು."

ಹೌದು, ನಾನೂ ಬರೆದಿದ್ದೆ. ನಿಮಗೆ ಇದ್ದದ್ದು ಇದ್ದ ಹಾಗೆ ಎಂದು ಪಾಠ ಹೇಳಿದವಳು, ಅದೇ ವಾರ. ನಿಮ್ಮ ಮರ್ಯಾದೆ ಹೋಗಬಾರದು ಎಂದು ಬರೆದೆ ಅಂದುಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ. ಹಾಗೆ ಬೆಳೆದವಳು ಎಂದು ಯಾರ ಎದುರಿಗೂ ಹೇಳಿಕೊಳ್ಳಲು ನನಗೇ ನಾಚಿಕೆಯಾಗಿತ್ತು.

ಒಂದು ಮಾತ್ರ ನನಗೆ ಗೊತ್ತಿರಲಿಲ್ಲ. ಮೂರೇ ವಾರ ಎಂದು ಡಾಕ್ಟರು ಹೇಳಿದ್ದರು ಎಂಬುದು. "ಡಾಕ್ಟ್ರು ಹೇಳಿದ್ದಾರೆ ಕಣೆ, ಇನ್ನೊಂದು ತಿಂಗಳು" ಎಂದು ನೀವು ಬಾಗಿಲ ಆಚೆಯಿಂದ ಹೇಳುತ್ತಿದ್ದಿರಿ. ಇಪ್ಪತ್ತೈದು ವರ್ಷ ನಾನು ಆ ಡಾಕ್ಟರನ್ನು ಶಪಿಸಿದ್ದೇನೆ. ಪಾಪ, ಆ ಮನುಷ್ಯ.

ಉತ್ತರ ಬರೆಯಬೇಡಿ.


ಜೂನ್ ೨

ಮಗಳೇ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಇದೊಂದು ಹಾಳೆ.

ಆ ಮುಂದಿನ ಕುಟುಂಬದವರು ಯಾರೆಂದು ಪತ್ತೆ ಹಚ್ಚಿ, ಹೋಗಿ ಕೈಮುಗಿದು ಕೇಳಿಕೊಳ್ಳೋಣ ಎಂದುಕೊಂಡಿದ್ದೆ. ಬಸ್ಸಿನ ಸಮಯವನ್ನೂ ವಿಚಾರಿಸಿ ಬಂದೆ. ನಿನ್ನ ಚಿಕ್ಕಮ್ಮ, "ಅವರೂ ಸಾಲಲ್ಲಿ ನಿಂತವರೇ ಅಲ್ವಾ? ಇನ್ನೂ ಎಷ್ಟು ಮನೆ ಹಾಳು ಮಾಡ್ತೀರಿ?" ಎಂದಳು. ಕೂತುಬಿಟ್ಟೆ. ಈ ವಯಸ್ಸಿನಲ್ಲಿ ಏನೂ ಮಾಡದೆ ಕೂರುವುದನ್ನು ಕಲಿಯುವುದು ಬಲು ಕಷ್ಟದ ವಿದ್ಯೆ. ಕೈ ಪೆನ್ನಿಗೆ ಹೋಗುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಅವತ್ತು ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳಲಿಲ್ಲ. ಕೇಳಿದರೆ ಹೇಳಲು ನೆವಗಳಿವೆ. ಕಾರಣ ಎಂದರೆ ಹೆದರಿಕೆ, ಅಷ್ಟೆ. ಇಡೀ ಊರಿಗೆ ಧೈರ್ಯ ಹಂಚುವವನಂತೆ ಮಾತಾಡುವ ನಾನು, ಹನ್ನೊಂದು ವರ್ಷದ ಹುಡುಗಿಯ ಕೆಮ್ಮಿಗೆ ಹೆದರಿದೆ.

ನನ್ನ ಹೆಸರನ್ನು ಸಾಕ್ಷಿಯಿಂದ ತೆಗೆಸಿಬಿಡು. ನಿನ್ನ ಲ್ಯಾಬಿನ ಯಜಮಾನರನ್ನು ಹಾಕು. ಒಳ್ಳೆಯ ಮನುಷ್ಯ ಎಂದು ನೀನೇ ಹೇಳುತ್ತಿದ್ದೆ, ಮಾತೂ ಕಡಿಮೆಯಂತೆ.

ಚಿಕ್ಕಪ್ಪ


ಜುಲೈ ೩

ಚಿಕ್ಕಪ್ಪ,

ಬೊಚ್ಚುಬಾಯಿ ಹೋದಳು. ಹೋದ ವಾರ ಆ ಕುಟುಂಬದವರು ಕರೆದುಕೊಂಡು ಹೋದರಂತೆ. ಒಳ್ಳೆಯ ಜನವಂತೆ. ನನಗೆ ಸಂತೋಷವಾಗಬೇಕು. ಆಗುತ್ತಿಲ್ಲ. ಅವಳಿಗೆಂದು ಬಣ್ಣ ಹೊಡೆಸಿದ ಕೋಣೆಯಲ್ಲಿ ನಿನ್ನ ಅಳಿಯ ಈಗ ಪ್ರೆಸ್ಸಿನ ಹಾಳೆಗಳನ್ನು ಪೇರಿಸಿಡುತ್ತಿದ್ದಾರೆ. ತೆಗೆಯಿರಿ ಎನ್ನುವುದಕ್ಕೂ ಬಾಯಿ ಬರುವುದಿಲ್ಲ, ಇರಲಿ ಎನ್ನುವುದಕ್ಕೂ ಬರುವುದಿಲ್ಲ.

ನಾನು ನನ್ನ ಹೇಳಿಕೆಯನ್ನು ತಿದ್ದಿ ಕೊಟ್ಟೆ. ನನಗೂ ನಾಲ್ಕೈದು ಹಾಳೆ ಹಾಳಾದವು. ಕೊನೆಗೆ ಹೀಗೆ ಬರೆದೆ: "ಚಿಕ್ಕಪ್ಪ ನನ್ನನ್ನು ಎಂಟು ತಿಂಗಳು ಒಬ್ಬಳನ್ನೇ ಕೂಡಿಹಾಕಿದ್ದರು. ಆ ಎಂಟು ತಿಂಗಳಲ್ಲಿ ಒಂದು ದಿನವೂ ತಪ್ಪದೆ ಬೆಳಿಗ್ಗೆ ಆರಕ್ಕೆ ತಾವೇ ಬಂದು ಮಾತ್ರೆ ಕೊಟ್ಟು, ನಾನು ನುಂಗುವವರೆಗೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡಲು ನನಗೆ ಆಗುವುದಿಲ್ಲ."

ಮೇಡಮ್ ಓದಿದರು. "ಈಗ ಫೈಲು ಓದೋ ಹಾಗಾಯ್ತು" ಎಂದರು. ಅವರು ಕನ್ನಡಕ ಹಾಕುವುದಿಲ್ಲ. ಸಾಲಿನಲ್ಲಿ ಹಿಂದಕ್ಕೆ ಬಿದ್ದು ಈಗ ಹದಿನಾಲ್ಕನೆಯವರು ನಾವು. ದೊಡ್ಡ ಮಕ್ಕಳ ದಾರಿಯಲ್ಲೇ ಇದ್ದೇವೆ. ತಾತ್ಕಾಲಿಕ ಆರೈಕೆಯ ದಾರಿಗೂ ಹೆಸರು ಕೊಡುತ್ತೀರಾ ಎಂದು ಕೇಳಿದರು. ಮಗು ವಾಪಸು ಹೋಗಬಹುದಾದ ದಾರಿ ಅದು. ನಿನ್ನ ಅಳಿಯ ಈ ಸಲ ನೀರು ಕುಡಿಯಲು ಎದ್ದು ಹೋಗಲಿಲ್ಲ. "ಕೊಡೋಣ" ಎಂದರು.

ನಿನ್ನ ಹೆಸರನ್ನು ತೆಗೆಸಿಲ್ಲ. ಅದಕ್ಕೆ ಹಿಗ್ಗಬೇಡ. ಕ್ಷಮಿಸಿದ್ದೇನೆ ಎಂದು ಬರೆಯಲು ಕೂತರೆ ಕೋಪ ಬರುತ್ತದೆ, ಕೋಪದಿಂದ ಬರೆಯಲು ಕೂತರೆ ಅಳು ಬರುತ್ತದೆ. ಹದಿನೆಂಟನೇ ತಾರೀಖು ಹತ್ತು ಗಂಟೆಗೆ ಮೇಡಮ್ ಮತ್ತೆ ಮನೆ ನೋಡಲು ಬರುತ್ತಾರೆ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬೇಕಂತೆ. ಚಿಕ್ಕಮ್ಮನನ್ನೂ ಕರೆದುಕೊಂಡು ಬಾ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು.

ಹೊಸ ಅರ್ಜಿಯಲ್ಲಿ ಒಂದು ಖಾನೆ ಇದೆ: ಮಗುವಿಗೆ ಅಜ್ಜ ಅಜ್ಜಿಯಾಗಿ ಒದಗುವವರು. ಅಜ್ಜಿಯ ಮುಂದೆ ಚಿಕ್ಕಮ್ಮನ ಹೆಸರು ಬರೆದಿದ್ದೇನೆ. ಅಜ್ಜನದನ್ನು ಖಾಲಿ ಬಿಟ್ಟಿದ್ದೇನೆ. ಅರ್ಜಿ ಕೊಡಲು ಇಪ್ಪತ್ತರವರೆಗೆ ಸಮಯವಿದೆ. ನೀನು ಬಂದು ಹೋದ ಮೇಲೆ ನೋಡುತ್ತೇನೆ.